ಮೊಂಡು ಬಾಲದ ಅಳಿಲು

ನಮ್ಮ ಮೇಡಂ ಎಡಚರು. ಆ ಎಡಗೈಯ ತೋರುಬೆರಳು ನಡುಗೆಣ್ಣಿನಿಂದ ಬಲಕ್ಕೆ ಸೊಟ್ಟಗೆ ತಿರುಗಿಕೊಂಡಿತ್ತು. ಚಿಕ್ಕವರಿದ್ದಾಗ ಬಾವಿಯ ಗಾಲಿಗೆ ಹಗ್ಗದ ಜೊತೆ ಬೆರಳನ್ನೂ ಕೊಟ್ಟಿದ್ದರಂತೆ. ಸಂಗನಕಲ್ಲಿನ ಯಾರೋ ಹಿರಿಯರು ಕಟ್ಟು ಹಾಕಿದರು, ಮೂಳೆ ಕೂಡಿತು, ದಿಕ್ಕು ಮಾತ್ರ ಕೂಡಲಿಲ್ಲ. ಕೋರ್ಟಿನಲ್ಲಿ ಅವರು ಎದುರು ವಕೀಲರ ಕಡೆ ಬೆರಳು ಮಾಡಿ "ಇವರು ಹೇಳೋದು ಸುಳ್ಳು ಸ್ವಾಮಿ" ಎಂದರೆ ಸಾಕು, ಪಕ್ಕದಲ್ಲಿ ತನ್ನ ಕೇಸಿಗೆ ಕಾಯುತ್ತ ಕುಳಿತ ಯಾವನೋ ಪಾಪದವನು ಗಾಬರಿಬಿದ್ದು ಎದ್ದು ನಿಲ್ಲುತ್ತಿದ್ದ. ಅವರ ಕೈಕೆಳಗೆ ಜೂನಿಯರ್ ಆಗಿ ಸೇರಿದ ಮೇಲೆ ನಾನು ಮೊಟ್ಟಮೊದಲು ಕಲಿತ ವಿದ್ಯೆ ಎಂದರೆ, ಆ ಬೆರಳು ಎಲ್ಲಿಗೆ ತೋರುತ್ತದೋ ಅಲ್ಲಿಂದ ಒಂದು ಮೊಳ ಎಡಕ್ಕೆ ನೋಡುವುದು. ಕಾನೂನು ಆಮೇಲೆ ಬಂತು.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಅವರ ಮನೆ. ಮುಂದಿನ ಕೋಣೆಯೇ ಆಫೀಸು, ಅದರ ಹಿಂದೆ ಅಡುಗೆಮನೆ. ನಡುವೆ ಬಾಗಿಲಿಲ್ಲದ ಬಾಗಿಲುವಾಡ, ಕೆಳಗೆ ಅರಿಶಿನ ಹಚ್ಚಿದ ಹೊಸ್ತಿಲು. ಕಕ್ಷಿದಾರರು ತಮ್ಮ ಗೋಳು ಹೇಳುತ್ತಿದ್ದರೆ ಮೇಡಂ ಒಳಗೆ ಮಂಡಕ್ಕಿ ಉಗ್ಗಾಣಿಗೆ ಒಗ್ಗರಣೆ ಹಾಕುತ್ತ, ಕುಕ್ಕರಿನ ಸೀಟಿಗಿಂತ ಜೋರಾಗಿ "ಆಮ್ಯಾಲ? ಆಮ್ಯಾಲ ಏನಾತು?" ಎಂದು ಕೇಳುತ್ತಿದ್ದರು. ಆಳು ಗಿಡ್ಡ, ದನಿ ಮಾತ್ರ ಬೀದಿಯ ತುದಿಗೆ ಕೇಳಬೇಕು. ನಾನು ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಮೊದಲ ದಿನವೇ ನನ್ನ ಹೆಸರು ಬಿಟ್ಟು "ಲೇ ಕುರುಗೋಡು" ಎಂದು ಕರೆದರು, ಕೊನೆಯವರೆಗೂ ಅದೇ ಆಯಿತು. ಸಿಟ್ಟು ಬಂದಿತ್ತೇ ಎಂದರೆ ಬಂದಿತ್ತು. ಈಗ ಯಾರಾದರೂ ಹಾಗೆ ಕರೆಯುತ್ತಾರೆಯೇ ಎಂದು ಕಿವಿ ಕಾಯುತ್ತದೆ.

ಆ ಹೊಸ್ತಿಲೇ ಅವರ ಕಟಕಟೆ. ವಾಣಿಜ್ಯ ನ್ಯಾಯಾಲಯದಲ್ಲಿ ಸಾಕ್ಷಿ ವಿಚಾರಣೆಯೇ ಇಲ್ಲದೆ ಕಾಗದಪತ್ರ ನೋಡಿ ತೀರ್ಪು ಕೊಡಿ ಎಂದು ಕೇಳುವ ಅರ್ಜಿ ಒಂದಿದೆ. ಕನ್ನಡದಲ್ಲಿ ಸಂಕ್ಷಿಪ್ತ ತೀರ್ಪು; ನಮ್ಮ ಬಾಯಲ್ಲಿ ಸಮ್ಮರಿ ಜಡ್ಜ್‌ಮೆಂಟ್. ಅಂಥ ಅರ್ಜಿ ಬಂದರೆ ಮೇಡಂಗೆ ಹುರುಪೋ ಹುರುಪು! ಕಕ್ಷಿದಾರರನ್ನೋ ನನ್ನನ್ನೋ ಹೊಸ್ತಿಲಿನಾಚೆ ನಿಲ್ಲಿಸಿ, ತಾವು ಈಚೆ ಮೇಜಿನ ಮುಂದೆ ಕುಳಿತು, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕುವರು. ಉತ್ತರ ಕಾಗದದಲ್ಲೇ ಇದ್ದರೆ ಸುಮ್ಮನೆ ಹಾಳೆ ಮಗುಚುವರು. ಯಾವ ಕಾಗದದಲ್ಲೂ ಇಲ್ಲದ, ಆದರೆ ಕೇಸಿಗೆ ಬೇಕೇಬೇಕಾದ ಮಾತೊಂದು ಬಂದರೆ ಸೊಟ್ಟ ಬೆರಳಿನಿಂದ ಮೇಜಿಗೆ ಟಕ್ ಎಂದು ಬಡಿಯುವರು.

"ಕೇಳಿಲ್ಲಿ," ಎನ್ನುತ್ತಿದ್ದರು, "ಈ ಅರ್ಜಿ ಬಂದಾಗ ಜಡ್ಜ್ ಸಾಹೇಬ್ರು ಖರೇ ಯಾರು, ಸುಳ್ಳು ಯಾರು ಅಂತ ತೂಗಂಗಿಲ್ಲ. ಸಾಕ್ಷಿನ್ನ ಕರದು ಕೇಳಾಕ ಏನರ ಉಳದೈತೋ ಇಲ್ಲೋ, ಅಷ್ಟ ನೋಡ್ತಾರ. ಗೆಲ್ಲೋ ಆಸೆ ಒಂದೀಟರ ಖರೇನ ಐತಂದ್ರ ವಿಚಾರಣಿ ನಡೀಬೇಕು. ಬರೇ ಹೊಗಿ ಎಬ್ಬಿಸ್ಯಾರಂದ್ರ ಅಲ್ಲೇ ತೀರ್ಪು."

ಹೊಗೆ ಎಂದರೇನೆಂದು ನನಗೆ ಅರ್ಥವಾದದ್ದು ಜೀನ್ಸ್ ವಾಷಿಂಗ್ ಘಟಕವೊಂದರ ಕೇಸಿನಲ್ಲಿ. ನಮ್ಮ ಕಕ್ಷಿದಾರರು ದೊಡ್ಡ ಒಗೆಯುವ ಯಂತ್ರ ಬಾಡಿಗೆಗೆ ಕೊಟ್ಟಿದ್ದರು, ಈಗ ಯಂತ್ರ ವಾಪಸು ಬೇಕೆಂದು ದಾವೆ. ಎದುರಿನವರು "ಯಂತ್ರ ನಮಗೆ ಬಂದೇ ಇಲ್ಲ" ಎಂದು ಪ್ರತಿವಾದ ಹಾಕಿದರು. ಜೊತೆಗೆ, ನಮ್ಮ ಕಕ್ಷಿದಾರರ ಹೆಸರು ಕೆಡಿಸಲೆಂದು, ಆ ಯಂತ್ರ ಪದೇ ಪದೇ ಕೆಡುತ್ತದೆ ಎಂದು ತಾವೇ ಬರೆದಿದ್ದ ದೂರನ್ನೂ ಲಗತ್ತಿಸಿದರು! ಮೇಡಂ ಕೋರ್ಟಿನಲ್ಲಿ ಎದ್ದು ನಿಂತು ಕೇಳಿದ್ದು ಇಷ್ಟೇ: "ಬಾರದ ಯಂತ್ರ ಕೆಟ್ಟಿದ್ದು ಹೆಂಗ ಸ್ವಾಮಿ?" ಸಾಕ್ಷಿಯಿಲ್ಲ, ಸವಾಲಿಲ್ಲ, ತೀರ್ಪು ನಮ್ಮ ಕಡೆಗೆ. ಹೊರಗೆ ಬಂದು ನಾನು ಕುಣಿದಾಡಿಬಿಟ್ಟೆ. ವರ್ಷಗಟ್ಟಲೆ ಅಲೆಸುವ ಕೋರ್ಟಿನಲ್ಲಿ ಇಷ್ಟು ಬೇಗ ಮುಗಿಸುವ ಅಸ್ತ್ರ ಇದೆಯೆಂದರೆ ಎಲ್ಲ ಕೇಸಿಗೂ ಇದನ್ನೇ ಹಾಕಬಾರದೇಕೆ ಎಂದೆ. ಮೇಡಂ ಮಿರ್ಚಿ ಕಚ್ಚುತ್ತ, "ಹಾಕು. ಒಂದಿನ ನಿನ್ನ ಮ್ಯಾಲೂ ಯಾರರ ಹಾಕ್ತಾರ, ಆವಾಗ ಗೊತ್ತಾಕ್ಕತಿ" ಎಂದರು.

ಗೊತ್ತಾಗುವ ದಿನ ಸಿರುಗುಪ್ಪದ ಬಸ್ಸಿನಲ್ಲಿ ಬಂತು. ಹೊಸ ಭತ್ತ ಮಿಲ್ಲಿಗೆ ಬರುವ ಕಾಲ. ಒಬ್ಬ ಅಕ್ಕ ಕಂಕುಳಲ್ಲಿ ಖಾಲಿ ಅಕ್ಕಿಚೀಲ, ಕೈಯಲ್ಲಿ ಕೋರ್ಟಿನ ಕಾಗದ ಹಿಡಿದು ಬಂದರು. ಸಿರುಗುಪ್ಪದ ಹತ್ತಿರ ಅವರದೊಂದು ಸಣ್ಣ ಅಕ್ಕಿ ಮಿಲ್ಲು. ಅತ್ತೆ ನಡೆಸಿದ್ದು, ಅತ್ತೆ ಹೋದ ಮೇಲೆ ಇವರ ಕೈಗೆ ಬಂದದ್ದು. ಆ ಚೀಲದ ಮೇಲೆ ತೆನೆ ಹಿಡಿದು ಕುಳಿತ ಒಂದು ಅಳಿಲಿನ ಚಿತ್ರ. ಬಳ್ಳಾರಿಯ ಒಬ್ಬ ದೊಡ್ಡ ವ್ಯಾಪಾರಿ, ಈ ಅಳಿಲು ತನ್ನ ನೋಂದಾಯಿತ ಗುರುತು, ಇವರು ಕದ್ದು ಹಾಕಿಕೊಂಡಿದ್ದಾರೆ, ನಿಲ್ಲಿಸಿ ಎಂದು ದಾವೆ ಹೂಡಿದ್ದ. ಮೇಲೆ ನಮ್ಮ ಪ್ರೀತಿಯ ಅರ್ಜಿ: ಎರಡೂ ಚೀಲ ಕಣ್ಣ ಮುಂದಿವೆ, ನೋಂದಣಿ ಪತ್ರ ಇದೆ, ಕೇಳುವುದೇನೂ ಉಳಿದಿಲ್ಲ, ಈಗಲೇ ತೀರ್ಪು ಕೊಡಿ.

"ಮಂದಿ ಚೀಲ ನೋಡಿ ಅಕ್ಕಿ ಒಯ್ತಾರ್ರಿ," ಎಂದರು ಅಕ್ಕ. "ಓದಾಕ ಬರದವ್ರೂ ಅಳಿಲು ನೋಡಿ ಒಯ್ತಾರ. ಅದು ಹೋತಂದ್ರ ಮಿಲ್ಲು ಬಾಗ್ಲ ಹಾಕೋದ ಸೈ. ಆದ್ರ ಮೇಡಂ, ಸೋತ್ರ ಸೋಲ್ತೀನಿ. ನನ್ನ ಬಾಯಿಲೆ ಒಂದು ಮಾತೂ ಕೇಳ್ದ ಕಳ್ಳಿ ಅಂತ ಬರದು ಕೊಡ್ತಾರಂದ್ರ, ಅದನ್ನ ಹೆಂಗ ತಡ್ಕೊಳ್ಳಲಿ?"

ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ಯಂತ್ರದ ಕೇಸಿನಲ್ಲಿ ಕುಣಿದಾಡಿದ್ದು ನೆನಪಾಗಿ ಮೇಡಂ ಮುಖ ನೋಡಿದೆ. ಅವರು ನನ್ನನ್ನು ನೋಡಲೇ ಇಲ್ಲ, ಪುಣ್ಯಾತ್ಮರು.

"ಹಳೇ ಬಿಲ್ಲು, ರಸೀದಿ ಏನರ ಅದಾವೇನು?"

"ನಮ್ಮತ್ತಿ ಚೀಟಿ ಇಡ್ತಿದ್ದಿಲ್ರಿ. ಎಲ್ಲಾ ಬಾಯಾಗ."

"ಹಂಗಾದ್ರ ಬಾಯಿನ ಕೇಳೂಣು. ಅಲ್ಲಿ ನಿಂದರ್ರಿ," ಎಂದು ಬೆರಳು ತೋರಿದರು. ಅಕ್ಕ ನೀರಿನ ಕೊಡದ ಹತ್ತಿರ ಹೋಗಿ ನಿಂತರು. ನಾನು ಹಿಡಿದು ಹೊಸ್ತಿಲಿಗೆ ತಂದೆ.

"ಹೊಸ್ತಿಲ ಮ್ಯಾಲ ನಿಂದ್ರಬಾರದಲ್ರಿ?"

"ಮ್ಯಾಲ ಬ್ಯಾಡ, ಆಕಡಿ ನಿಂದರ್ರಿ. ಲಕ್ಷ್ಮಿಗೆ ದಾರಿ ಬಿಟ್ಟು ನಿಂದರ್ರಿ."

ಪ್ರಶ್ನೆಗಳು ಶುರುವಾದವು. ಚೀಲ ಯಾರು ಅಚ್ಚು ಹಾಕುತ್ತಾರೆ, ಬಣ್ಣ ಯಾವುದು, ಮೊದಲು ಯಾವ ಚೀಲ ಇತ್ತು? ಮೇಡಂ ಹಾಳೆ ಮಗುಚುತ್ತಲೇ ಇದ್ದರು. ಆಮೇಲೆ ಚೀಲವನ್ನು ಬೆಳಕಿಗೆ ಹಿಡಿದು, ಕನ್ನಡಕ ಮೇಲೆ ಸರಿಸಿ, ಮೇಡಂ ಕೇಳಿದರು: "ಅಲ್ಲವಾ, ಈ ಅಳಿಲಿಗೆ ಬಾಲ ಯಾಕ ಮೊಂಡ ಐತಿ?"

ಅಕ್ಕ ಅಳು ಮರೆತು ನಕ್ಕರು. "ಅಯ್ಯ, ಅದಾ? ಅದು ನಮ್ಮ ಮಿಲ್ಲಿಂದ ಅಳಿಲ್ರಿ. ಭತ್ತ ತಿನ್ನಾಕ ಬರ್ತಿತ್ತು. ಒಂದಿನ ಮಷೀನಿನ ಬೆಲ್ಟಿಗೆ ಬಾಲ ಸಿಕ್ಕು ಅರ್ಧ ಹೋತು. ನಮ್ಮತ್ತಿ ಅರಿಶಿನ, ಎಣ್ಣಿ ಹಚ್ಚಿ ಬದುಕಿಸಿದ್ಲು. ಚೀಲಕ್ಕ ಅಚ್ಚು ಕೊರಿಯಾಕ ಪೇಂಟರ್ ಬಂದಾಗ ಲಕ್ಷ್ಮಿ ಬರಿಲೋ ಹಸು ಬರಿಲೋ ಅಂತ ಕೇಳಿದ್ನಂತ. ಆಕಿ ಗ್ವಾಡಿ ಮ್ಯಾಲ ಕುಂತಿದ್ದ ಇದನ್ನ ತೋರ್ಸಿ, ಇದನ್ನ ಬರಿ, ಇದ್ದಂಗ ಬರಿ ಅಂದ್ಲಂತ."

ಟಕ್!

ಮೇಜಿನ ಮೇಲಿನ ಲೋಟ ನಡುಗಿತು. ಮೇಡಂ ವ್ಯಾಪಾರಿಯ ಅರ್ಜಿಯನ್ನು ಎಳೆದುಕೊಂಡು ಒಂದು ಸಾಲಿಗೆ ಬೆರಳಿಟ್ಟು "ಓದಲೇ ಕುರುಗೋಡು, ಓದು!" ಎಂದು ಕೂಗಿದರು. ಬೆರಳಿದ್ದ ಜಾಗದಿಂದ ಎಡಕ್ಕೆ ಸರಿದು ಓದಿದೆ. ಅಬ್ಬಬ್ಬಾ, ಆ ಸಾಲು! ಪ್ರತಿವಾದಿಯು ಎಷ್ಟು ರಾಜಾರೋಷವಾಗಿ ನಕಲು ಮಾಡಿದ್ದಾರೆಂದರೆ, ಅಳಿಲಿನ ಬಾಲದ ಮೊಂಡು ತುದಿಯೂ ವಾದಿಯ ಗುರುತಿನಂತೆಯೇ ಇದೆ, ಎಂದು ಬರೆದಿದ್ದರು. ತಮ್ಮ ಕೈಯಾರೆ! ಅದೇ ಅವರ ದೊಡ್ಡ ಸಾಕ್ಷ್ಯವೆಂದು!

"ಲೋಕದಾಗಿನ ಅಳಿಲಿಗೆಲ್ಲಾ ಉದ್ದ ಬಾಲ ಐತಿ," ಎಂದರು ಮೇಡಂ, ಖುಷಿಯಿಂದ ಮುಖ ಕೆಂಪಾಗಿತ್ತು. "ಅವ್ರ ಅಳಿಲಿನ ಬಾಲ ಯಾವ ಬೆಲ್ಟಿಗೆ ಸಿಕ್ಕಿತ್ತು, ಕೇಳೂಣು ಬಾ."

ಆದರೆ ಬರೀ ಕತೆ ಹೇಳಿದರೆ ಕೋರ್ಟು ಒಪ್ಪುವುದಿಲ್ಲ. ನೋಂದಣಿಗೂ ಮುಂಚಿನಿಂದ ಬಳಸುತ್ತ ಬಂದವರ ಹಕ್ಕನ್ನು ಕಾನೂನು ಉಳಿಸುತ್ತದೆ, ಸರಿ. ಮುಂಚಿನಿಂದ ಬಳಸಿದ್ದಕ್ಕೆ ಕೈಗೆ ಸಿಗುವಂಥದ್ದು ಏನಾದರೂ ಬೇಕು. ಅಕ್ಕನ ಮಿಲ್ಲಿನಲ್ಲಿ ಹಳೆಯ ಚೀಲ ಒಂದೂ ಇರಲಿಲ್ಲ. ಮೇಡಂ ಒಂದು ಕ್ಷಣ ಯೋಚಿಸಿ, "ಚೀಲ ಮಿಲ್ಲಾಗ ಯಾಕಿರ್ತಾವ? ಅಕ್ಕಿ ತಿಂದವ್ರ ಮನ್ಯಾಗ ಇರ್ತಾವ," ಎಂದರು. ನಮ್ಮ ಕಡೆಯ ಹೆಂಗಸರು ಬಟ್ಟೆಯ ಚೀಲವನ್ನು ಎಸೆದದ್ದನ್ನು ಯಾರಾದರೂ ಕಂಡಿದ್ದೀರಾ? ತಲೆದಿಂಬಾಗುತ್ತದೆ, ಬಚ್ಚಲಿನ ಪರದೆಯಾಗುತ್ತದೆ, ಕೊನೆಗೆ ಒಲೆಯ ಮಸಿಬಟ್ಟೆ.

ಶುರುವಾಯಿತು ನೋಡಿ ನಮ್ಮ ಯಾತ್ರೆ! ಕಪ್ಪು ಕೋಟು ಕಾರಿನಲ್ಲಿ ಬಿಸಾಕಿ ಮೇಡಂ, ಅಕ್ಕ, ನಾನು ಸಿರುಗುಪ್ಪದ ಸುತ್ತ ಊರೂರು ಸುತ್ತಿದೆವು. ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಹೋದ ಮನೆಯಲ್ಲೆಲ್ಲ ಚಹಾ. ಮೇಡಂ ಕಂಡವರ ದಿಂಬಿನ ಕವಚ ಬಿಚ್ಚಿಸಿ ನೋಡುತ್ತಿದ್ದರು, ನಾಚಿಕೆ ಎಂಬುದು ಹತ್ತಿರ ಸುಳಿಯುತ್ತಿರಲಿಲ್ಲ. ತೆಕ್ಕಲಕೋಟೆಯ ಒಂದು ಮನೆಯ ಅಜ್ಜಿ ಮಾತ್ರ, ಅಕ್ಕ ವಿಷಯ ಹೇಳುತ್ತಿದ್ದಂತೆಯೇ, "ಉಡುತ ಸಂಚೀನಾ?" ಎಂದು ತೆಲುಗಿನಲ್ಲಿ ಕೇಳಿದರು. ಅಳಿಲಿನ ಚೀಲವೇ ಎಂದು. ಎದ್ದು ಒಳಗೆ ಹೋಗಿ ಒಂದು ಕೌದಿ ತಂದರು. ಮೇಲೆ ಹಳೆಯ ಸೀರೆಗಳ ಬಣ್ಣಬಣ್ಣದ ತುಂಡು. ತಿರುವಿ ಹಾಕಿದರೆ ಅಡಿಯ ಮಗ್ಗುಲಲ್ಲಿ ಮಾಸಿದ ಬಿಳಿ ಬಟ್ಟೆ. ಸಾಲುಸಾಲು ಹೊಲಿಗೆಯ ನಡುವೆ ತೆನೆ ಹಿಡಿದು ಕುಳಿತಿತ್ತು, ಮೊಂಡು ಬಾಲದ ಅಳಿಲು!

ನಾನು ಕಿರುಚಿಯೇಬಿಟ್ಟೆ. ಅಕ್ಕ ಆ ಅಳಿಲಿನ ಮೇಲೆ ಕೈಯಾಡಿಸುತ್ತ "ನಮ್ಮತ್ತೀ... ನಮ್ಮತ್ತೀ..." ಎನ್ನುತ್ತಿದ್ದರು.

"ಯಾವಾಗ ಹೊಲದಿದ್ದಿಬೇ ಇದನ್ನ?" ಎಂದು ಮೇಡಂ ಕೇಳಿದರು.

"ಮಗಳ ಮೊದ್ಲನೇ ಬಾಣಂತನಕ್ಕ. ಆ ಕೂಸಿಗೆ ಈಗ ಎರಡು ಮಕ್ಕಳದಾವ."

ಟಕ್. ಈ ಸಲ ಅಜ್ಜಿಯ ಮನೆಯ ಕಂಬಕ್ಕೆ. ವ್ಯಾಪಾರಿಯ ನೋಂದಣಿಗೆ ಅಷ್ಟು ವಯಸ್ಸಾಗಿರಲಿಲ್ಲ.

ವಾದದ ದಿನ ಎದುರು ವಕೀಲರು ಚೀಲಗಳ ದೊಡ್ಡ ದೊಡ್ಡ ಬಣ್ಣದ ಫೋಟೋ ತಂದಿದ್ದರು. ಎರಡೂ ಬಾಲಗಳ ಸುತ್ತ ಕೆಂಪು ವೃತ್ತ. ಸೊಗಸಾಗಿ ಮಾತಾಡುವ ಮನುಷ್ಯ. ಗಂಟೆಗಟ್ಟಲೆ ಮಾತಾಡಿ, "ಆದ್ದರಿಂದ ಸ್ವಾಮಿ, ಪ್ರತಿವಾದಿ ಗೆಲ್ಲುವ ಯಾವ ಸಾಧ್ಯತೆಯೂ ಇಲ್ಲ. ಯಾರನ್ನೂ ಕೇಳಬೇಕಾದ್ದೇ ಇಲ್ಲ," ಎಂದು ಮುಗಿಸಿದರು. ಅಕ್ಕ ಹಿಂದಿನ ಬೆಂಚಿನಲ್ಲಿ ಸೆರಗು ಹಿಂಡುತ್ತ ಕುಳಿತಿದ್ದರು. ನನಗೆ ಅವರ ಕಡೆ ತಿರುಗಲು ಧೈರ್ಯವಿರಲಿಲ್ಲ.

ಮೇಡಂ ಎದ್ದರು. "ಚಿತ್ರ ಒಂದೇ ಅಂತ ನಾವೂ ಒಪ್ಪುತ್ತೇವೆ ಸ್ವಾಮಿ. ಬಾಲವೂ ಒಂದೇ. ಅವರ ಅಳಿಲಿಗೆ ಬಾಲ ಯಾಕೆ ಮೊಂಡು ಅಂತ ಒಮ್ಮೆ ಕೇಳಿಬಿಡಿ, ನಾನು ಕೂತುಬಿಡ್ತೀನಿ."

ಸಾಹೇಬರು ಕನ್ನಡಕದ ಮೇಲಿಂದ ಎದುರು ವಕೀಲರನ್ನು ನೋಡಿದರು. "ಯಾಕೆ ಮೊಂಡು?"

"ಅದು... ಕಲಾವಿದರ ಕಲ್ಪನೆ, ಸ್ವಾಮಿ."

"ಕಲಾವಿದರು ಯಾರು?"

ವಕೀಲರು ತಿರುಗಿ ವ್ಯಾಪಾರಿಯನ್ನು ನೋಡಿದರು. ವ್ಯಾಪಾರಿ ತನ್ನ ಗುಮಾಸ್ತನನ್ನು ನೋಡಿದ. ಗುಮಾಸ್ತ ಫ್ಯಾನು ನೋಡಿದ. "ಕೇಳಿ ತಿಳಿಸುತ್ತೇವೆ ಸ್ವಾಮಿ," ಎಂದರು ವಕೀಲರು.

ಮೇಡಂ ಕೂರಲಿಲ್ಲ. "ಯಾರನ್ನೋ ಕೇಳಬೇಕು ಅಂತ ಅವರೇ ಹೇಳಿದರಲ್ಲ ಸ್ವಾಮಿ! ನಾನೂ ಇಷ್ಟು ಹೊತ್ತು ಹೇಳಬೇಕಂತಿದ್ದದ್ದು ಅದನ್ನೇ." ಆಮೇಲೆ ನನ್ನ ಕೈಯಿಂದ ಕೌದಿ ತೆಗೆದು ಬಿಡಿಸಿದರು. ಕೋರ್ಟಿನ ತುಂಬ ನಗು, ಯಾರೋ "ಹಾಸಿಗಿ ತಂದಾರಲೇ" ಎಂದರು. ಮಗ್ಗುಲು ತಿರುಗಿಸಿ ಅಳಿಲು ಕಂಡಾಗ ನಗು ನಿಂತಿತು. "ಈ ಕೌದಿಗೆ ತಾರೀಖು ಇಲ್ಲ. ಹೊಲಿದ ಅಜ್ಜಿಗೆ ನೆನಪಿದೆ. ಆಕೆ ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ ಕೊಟ್ಟಿದ್ದೇವೆ. ಆಕೆ ಸುಳ್ಳು ಹೇಳ್ತಿದ್ದರೆ ನನ್ನ ಮಿತ್ರರಾದ ಎದುರು ವಕೀಲರು ಕಟಕಟೆಯಲ್ಲಿ ನಿಲ್ಲಿಸಿ ಕೇಳಲಿ, ಬೇಡ ಅನ್ನೋದಿಲ್ಲ. ಕೇಳದೇ ಸುಳ್ಳು ಅನ್ನಬಾರದು. ಅಷ್ಟೇ ನನ್ನ ವಾದ."

ಸಾಹೇಬರ ಆದೇಶ ಬಂದಾಗ ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಯಾರು ಗೆಲ್ಲುತ್ತಾರೆ ಎಂಬುದು ಇವತ್ತಿನ ಪ್ರಶ್ನೆಯಲ್ಲ; ಪ್ರತಿವಾದಿಗೆ ಗೆಲ್ಲುವ ನಿಜವಾದ ಆಸ್ಪದವೇ ಇಲ್ಲ ಎಂದು ಹೇಳಲಾಗದು; ಈ ಚಿತ್ರ ಮೊದಲು ಯಾರದು ಎಂಬುದನ್ನು ಸಾಕ್ಷಿಗಳನ್ನು ಕೇಳಿಯೇ ತೀರ್ಮಾನಿಸಬೇಕು; ಅರ್ಜಿ ವಜಾ. ಅಕ್ಕನಿಗೆ ಆ ಮಾತುಗಳೆಲ್ಲ ತಿಳಿಯಲಿಲ್ಲ. "ಗೆದ್ದೆವೇನವಾ?" ಎಂದು ನನ್ನನ್ನು ಕೇಳಿದರು.

"ಇಲ್ರಿ ಅಕ್ಕಾರ. ನಿಮ್ಮನ್ನ ಕೇಳ್ತಾರಂತ."

ಅಕ್ಕ ಕೋರ್ಟಿನ ವರಾಂಡದಲ್ಲೇ ಕುಳಿತು, ಮುಖಕ್ಕೆ ಸೆರಗು ಹಿಡಿದು, ನಗುತ್ತಲೂ ಅಳುತ್ತಲೂ ಇದ್ದರು. ಮೇಡಂ ಅವತ್ತು ಇಡೀ ಬಾರ್ ರೂಮಿಗೆ ಮಿರ್ಚಿ ಕೊಡಿಸಿದರು.

ವಿಚಾರಣೆಗೆ ದಿನ ಗೊತ್ತಾಗುವ ಹೊತ್ತಿಗೆ ಮೇಡಂಗೆ ಪಾರ್ಶ್ವವಾಯು ಹೊಡೆಯಿತು. ಬಲಮಗ್ಗುಲು ಹೋಯಿತು, ಅದರ ಜೊತೆ ಮಾತೂ ಹೋಯಿತು. ಬೀದಿಗೆಲ್ಲ ಕೇಳುತ್ತಿದ್ದ ಆ ದನಿ! ದೇವರ ಮೇಲೆ ನನಗೆ ಎಂಥ ಸಿಟ್ಟು ಬಂದಿತ್ತೆಂದರೆ, ಈಗಲೂ ಪೂರ್ತಿ ಇಳಿದಿಲ್ಲ. ಆಫೀಸಿನ ಮೇಜಿನ ಪಕ್ಕದಲ್ಲೇ ಕಬ್ಬಿಣದ ಮಂಚ ಹಾಕಿ ಮಲಗಿಸಿದ್ದರು. ಅವರ ತಂಗಿ ಬಂದು ನೋಡಿಕೊಳ್ಳುತ್ತಿದ್ದರು. ಕೇಸು ನನ್ನ ತಲೆಯ ಮೇಲೆ ಬಂತು.

ತೀರ್ಪೇನಾಯಿತೆಂದು ನೀವು ಕೇಳುತ್ತೀರಿ, ಹೇಳಿಬಿಡುತ್ತೇನೆ. ಅಕ್ಕ ಗೆದ್ದರು. ಸಿರುಗುಪ್ಪದ ಅಳಿಲು ಸಿರುಗುಪ್ಪದಲ್ಲೇ ಉಳಿಯಿತು. ಅಷ್ಟರಲ್ಲಿ ಮೇಡಂ ತೀರಿಕೊಂಡಿದ್ದರು. ತೀರ್ಪಿನ ಪ್ರತಿ ಹಿಡಿದು ಸತ್ಯನಾರಾಯಣಪೇಟೆಯ ಆ ಮನೆಯ ಮುಂದೆ ನಿಂತು, ಬೀಗ ನೋಡಿ, ಹಾಗೆಯೇ ಬಸ್‌ಸ್ಟ್ಯಾಂಡಿಗೆ ನಡೆದೆ. ಆದರೆ ಅವರನ್ನು ನೆನೆದಾಗ ನನಗೆ ಆ ಬೀಗ ಕಾಣುವುದಿಲ್ಲ. ಅಕ್ಕ ಸಾಕ್ಷಿ ಹೇಳಿದ ದಿನದ ಮಧ್ಯಾಹ್ನ ಕಾಣುತ್ತದೆ.

ಅವತ್ತು ಕೋರ್ಟಿನಿಂದ ಅಕ್ಕನನ್ನು ನೇರ ಮೇಡಂ ಮನೆಗೆ ಕರೆದುಕೊಂಡು ಬಂದೆ. ನಮ್ಮನ್ನು ಕಂಡದ್ದೇ ಮೇಡಂ ಎಡಗೈ ಎತ್ತಿ ಏನೋ ತೋರಿಸತೊಡಗಿದರು. ತಂಗಿ ಬೆರಳು ಹೋದ ಕಡೆ ನೋಡಿ ಕೊಡದಿಂದ ನೀರು ತಂದರು. ಮೇಡಂ ಬೇಡವೆಂದು ತಲೆ ಅಲ್ಲಾಡಿಸಿದರು. "ಇನ್ನೇನು ಬೇಕವ್ವಾ ನಿನಗ?" ಎಂದು ತಂಗಿ ಕಂಗಾಲಾದರು. ನಾನು ಒಂದು ಮೊಳ ಎಡಕ್ಕೆ ನೋಡಿದೆ. ಹೊಸ್ತಿಲು.

"ಅಕ್ಕಾರ, ಅಲ್ಲಿ ಹೋಗಿ ನಿಂದರ್ರಿ."

ಅಕ್ಕ ಈ ಸಲ ಏನೂ ಕೇಳಲಿಲ್ಲ. ಹೊಸ್ತಿಲಿನಾಚೆ ಹೋಗಿ, ಲಕ್ಷ್ಮಿಗೆ ದಾರಿ ಬಿಟ್ಟು ನಿಂತರು. ನಾನು ಮೇಡಂ ಕುರ್ಚಿಯಲ್ಲಿ ಕುಳಿತು, ಕೋರ್ಟಿನಲ್ಲಿ ಎದುರು ವಕೀಲರು ಹಾಕಿದ ಪಾಟೀಸವಾಲನ್ನೆಲ್ಲ ಒಂದೊಂದಾಗಿ ಮತ್ತೆ ಹಾಕಿದೆ. ಅಕ್ಕ ಒಂದೊಂದಕ್ಕೂ ಮತ್ತೆ ಉತ್ತರ ಹೇಳಿದರು: ಅತ್ತೆ, ಬೆಲ್ಟು, ಅರಿಶಿನ, ಗೋಡೆಯ ಮೇಲೆ ಕುಳಿತ ಅಳಿಲು. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಿದ್ದೆ ಹತ್ತಿತೇನೋ ಎನಿಸಿತು. ಕೊನೆಗೆ ನನ್ನದೇ ಒಂದು ಪ್ರಶ್ನೆ ಕೇಳಿದೆ.

"ನಿಮ್ಮ ಮಾತು ಪೂರ್ತಿ ಕೇಳಿದ್ರೇನ್ರಿ ಕೋರ್ಟಿನ್ಯಾಗ?"

"ಕೇಳಿದ್ರವಾ," ಎಂದರು ಅಕ್ಕ, ನನಗಲ್ಲ, ಮಂಚದ ಕಡೆ ನೋಡಿ. "ನಡುವ ಆ ವಕೀಲ್ರು ಸಾಕು ಸಾಕು ಅಂದ್ರು. ಸಾಹೇಬ್ರು, ಹೇಳ್ಲಿ ಬಿಡ್ರಿ, ಆಕಿ ಮಾತು ಇನ್ನೂ ಮುಗದಿಲ್ಲ, ಅಂದ್ರು. ಮುಗಿಯೋತನ ಕೇಳಿದ್ರು ಮೇಡಂ."

ಮೇಡಂ ಕಣ್ಣು ತೆರೆಯಲಿಲ್ಲ. ಎಡಗೈ ಮಾತ್ರ ಮೆಲ್ಲಗೆ ಎದ್ದಿತು. ಸೊಟ್ಟ ಬೆರಳು ಮಂಚದ ಕಬ್ಬಿಣದ ಸರಳಿಗೆ ಟಕ್ ಎಂದು ಬಡಿಯಿತು.